ಮೊದಲು ಮೀನು, ಆಮೇಲೆ ಕೊಡ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಜಾಡಿ ಇದೆ. ಅದರೊಳಗೆ ಒಂದೇ ಒಂದು ಮೀನು. ಅರ್ಧ ಬೆರಳುದ್ದ, ಬೂದು ಬಣ್ಣ, ನೋಡಲು ಅಂಥ ಚೆಂದವೇನಿಲ್ಲ. ಮನೆಗೆ ಬಂದವರು ಸುಮ್ಮನಿರಬೇಕಲ್ಲ! "ಏನ್ ಟೀಚರೇ, ರಿಟೈರ್ ಆದ್ಮೇಲೆ ಮೀನು ಸಾಕೋ ಹುಚ್ಚು ಹತ್ತಿತಾ? ಸಾಕೋದು ಸಾಕ್ತೀರಿ, ಬಣ್ಣದ್ದಾದ್ರೂ ತರಬಾರದಾ? ರಾಬರ್ಟ್‌ಸನ್‌ಪೇಟೆ ಅಂಗಡೀಲಿ ಎಂಥೆಂಥಾ ಮೀನಿದಾವೆ" ಎನ್ನುತ್ತಾರೆ. ನಾನು ಹೂಂ ಎಂದು ಕಾಫಿ ಕೊಟ್ಟು ಕಳಿಸುತ್ತೇನೆ. ಉತ್ತರ ಹೇಳಲು ಹೊರಟರೆ ಕಾಫಿ ಆರಿ ತಣ್ಣಗಾಗುತ್ತದೆ.

ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ನಾನು ಬಾಯಿ ತೆರೆದರೆ ಉರಿಗಾಂನಲ್ಲಿ ಶುರುವಾದ ಮಾತು ಬಂಗಾರಪೇಟೆಗೆ ಹೋಗಿ, ಅಲ್ಲಿ ಯಾರದೋ ಮನೆಯ ನಾಮಕರಣ ಮುಗಿಸಿಕೊಂಡು ವಾಪಸು ಬರುತ್ತದೆ ಎಂದು ನಮ್ಮ ಯಜಮಾನರ ದೂರು. ಇರಲಿ ಬಿಡಿ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಮಾತಾಡುವುದೊಂದೇ ನನಗೆ ಬರುವ ಕೆಲಸ. ಅದರಿಂದಲೇ ಈ ಅನಾಹುತ ಆದದ್ದು ಎನ್ನುವುದು ಬೇರೆ ಮಾತು.

ಜಾಡಿ ನಮ್ಮ ಅವ್ವನದು. ಬಂಗಾರಪೇಟೆಯ ಪಕ್ಕದ ನಮ್ಮ ಹಳ್ಳಿಯಲ್ಲಿ ಅಜ್ಜಿಯನ್ನು ಅವ್ವ ಎನ್ನುತ್ತೇವೆ. ಅವ್ವನ ಮನೆಯ ಹಿತ್ತಲಲ್ಲಿ ಒಂದು ಬಾವಿ. ಕಲ್ಲು ಕಲ್ಲಿನ ಸಂದಿಯಲ್ಲೂ ಪಾಚಿ, ಜರೀಗಿಡ, ಒಳಗೆ ಕಪ್ಪೆ, ಮೀನು, ನೀರ ಮೇಲೆ ಓಡಾಡುವ ಉದ್ದ ಕಾಲಿನ ಹುಳ. ಒಮ್ಮೆಯಂತೂ ಒಂದು ಆಮೆ ಬೇರೆ ಬಂದು ಸೇರಿಕೊಂಡಿತ್ತು. ಎಲ್ಲಿಂದ ಬಂತೋ ದೇವರೇ ಬಲ್ಲ. ಆ ಬಾವಿಯ ನೀರು ಕುಡಿದೇ ನಾನು ಬೆಳೆದದ್ದು. ಎಂಟೊಂಬತ್ತು ವರ್ಷದವಳಿದ್ದಾಗ ಒಂದು ದಿನ ಸೇದಿದ ಕೊಡದಿಂದ ಪುಟ್ಟ ಕಪ್ಪೆಯೊಂದು ಎಗರಿ ನನ್ನ ಲಂಗದ ಮೇಲೆ ಕೂತಿತು. ನಾನು ಕಿಟಾರನೆ ಕಿರುಚಿ, ತಾಮ್ರದ ಕೊಡವನ್ನು ಕಲ್ಲಿನ ಮೇಲೆ ಕುಕ್ಕಿ ಓಡಿದೆ. ಕೊಡ ನೆಗ್ಗಿತು. ಅವ್ವ ಬಂದು ತಲೆಯ ಮೇಲೆ ಒಂದು ಮೊಟಕಿದಳು.

"ಕಪ್ಪೆ ಕಂಡ್ರೆ ಕೊಡ ಎತ್ತಾಕ್ತೀಯೇನಮ್ಮೀ? ಅದು ಐತೆ ಅಂತ್ಲೇ ಕಣೇ ನಾವು ಈ ನೀರು ಕುಡೀತಿರಾದು. ಅದು ಎದ್ದು ಓದ ದಿನ ನಾವೂ ಊರು ಬಿಟ್ಟು ಓಗ್ಬೇಕಾಯ್ತದೆ."

ನನಗೆ ಆ ಬಾವಿಯೆಂದರೆ ನಾಚಿಕೆ. ಹೈಸ್ಕೂಲಿಗೆ ಬಂಗಾರಪೇಟೆಗೆ ಹೋಗತೊಡಗಿದ ಮೇಲಂತೂ ಗೆಳತಿಯರನ್ನು ಹಿತ್ತಲಿಗೆ ಬಿಡುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಓದಿದ್ದೆನಲ್ಲ, ಶುದ್ಧ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ಬಾವಿಯ ನೀರಿಗೆ ಮೂರೂ ಇದ್ದವು. ನಾನು ದೊಡ್ಡವಳಾದ ಮೇಲೆ ಕನ್ನಡಿಯಂಥ ನೀರಿರುವ ಕಡೆ ಸಂಸಾರ ಮಾಡುತ್ತೇನೆ ಎಂದು ಅವ್ವನ ಮುಂದೆ ಜಂಬ ಕೊಚ್ಚಿದ್ದೆ.

ಮದುವೆಯಾಯಿತು. ಗಂಡು ತುಮಕೂರಿನ ಕಡೆಯವರು, ಕೆಲಸ ಕೆ.ಜಿ.ಎಫ್‌ನ ಒಂದು ಕಾರ್ಖಾನೆಯಲ್ಲಿ, ಮನೆ ಉರಿಗಾಂನಲ್ಲಿ. ಹೊರಡುವ ದಿನ ಅವ್ವ ನನ್ನ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದ ಮೇಲೆ ಈ ಜಾಡಿಯನ್ನೂ ಇಟ್ಟಳು. ಉಪ್ಪಿನಕಾಯಿ ಜಾಡಿಯ ತಗಡಿನ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದಳು. ಒಳಗೆ ಬಾವಿಯ ನೀರು, ಒಂದೆಳೆ ಪಾಚಿ, ಏಳು ಸಾಸ್ಲು ಮೀನು. ಇದು ನಮ್ಮ ಮನೆತನದ ಹೆಂಗಸರ ಪದ್ಧತಿ. ತವರಿನ ಬಾವಿಯ ಮೀನನ್ನು ಗಂಡನ ಮನೆಯ ಬಾವಿಗೆ ಬಿಡಬೇಕು. ಬಿಟ್ಟು ಮೂರು ದಿನ ಕಾಯಬೇಕು. ಮೂರನೆಯ ದಿನ ಬಗ್ಗಿ ನೋಡಿ, ಮೀನು ಆಡುತ್ತಿದ್ದರೆ ಆಮೇಲೆ ಆ ಬಾವಿಗೆ ಕೊಡ ಇಳಿಸಬೇಕು.

"ಮೊದ್ಲು ಮೀನು, ಆಮೇಲೆ ಕೊಡ. ಮರೀಬ್ಯಾಡ" ಎಂದಳು ಅವ್ವ.

ನಾನು ಅದನ್ನು ಶಾಸ್ತ್ರ ಎಂದುಕೊಂಡೆ. ಹೊಸ್ತಿಲ ಮೇಲಿನ ಸೇರಕ್ಕಿ ಒದೆಯುವ ಹಾಗೆ ಇದೂ ಒಂದು. ಬಸ್ಸಿನಲ್ಲಿ ರೇಷ್ಮೆ ಸೀರೆ ಉಟ್ಟು ತೊಡೆಯ ಮೇಲೆ ಮೀನಿನ ಜಾಡಿ ಇಟ್ಟುಕೊಂಡು ಕೂತೆ. ರಸ್ತೆಯ ಒಂದೊಂದು ಹಳ್ಳಕ್ಕೂ ಮುಚ್ಚಳದ ತೂತಿನಿಂದ ನೀರು ಚಿಮ್ಮಿ ಸೀರೆಯ ಮುಂಭಾಗವೆಲ್ಲ ಒದ್ದೆ. ಹೊಸ ಮದುವಣಗಿತ್ತಿ ಆ ಅವತಾರದಲ್ಲಿ ಬಸ್ಸಿಳಿದದ್ದನ್ನು ಇಡೀ ಸ್ಟ್ಯಾಂಡು ನೋಡಿತು. ಮನೆಗೆ ಬಂದು "ಬಾವಿ ಎಲ್ಲಿದೆ?" ಎಂದೆ. ನಮ್ಮ ಯಜಮಾನರಿಗೆ ಅದು ನಾನು ಆಡಿದ ಮೊದಲ ಮಾತು. ಪಾಪ, ಗಾಬರಿಯಾದರು.

"ಬಾವೀನಾ? ಯಾಕೆ? ಇಲ್ಲಿ ನಲ್ಲಿ ಇದೆ."

ನಾನು ಜಾಡಿ ತೋರಿಸಿದೆ. ಅವರು ಬಗ್ಗಿ ನೋಡಿದರು. "ನಲ್ಲಿಯೊಳಕ್ಕೆ ಬಿಡ್ತೀಯಾ ಹೇಗೆ?" ಎಂದರು.

ಕೊನೆಗೆ ಬಚ್ಚಲಿನ ಸಿಮೆಂಟು ತೊಟ್ಟಿಗೆ ಬಿಟ್ಟೆ. ಎರಡನೆಯ ದಿನವೇ ಪಕ್ಕದ ಮನೆಯ ಬೆಕ್ಕಿಗೆ ಮದುವೆ ಊಟವಾಯಿತು. ಮರುವಾರ ತವರಿಗೆ ಹೋದಾಗ ಅವ್ವ ಮೊದಲು ಕೇಳಿದ್ದೇ "ಬಿಟ್ಟಾ?" ಎಂದು. ಬಿಟ್ಟೆ ಎಂದೆ. "ಮೂರ್ ದಿನ ಬದುಕಿದ್ವಾ?" ಬದುಕಿದ್ದವು ಎಂದೆ. ಆ ಸುಳ್ಳು ನನ್ನೊಳಗೆ ಹಾಗೇ ಉಳಿಯಿತು, ಅವ್ವ ಹೋಗಿಬಿಟ್ಟಳು. ಜಾಡಿ ತೊಳೆದು ಅಟ್ಟಕ್ಕೆ ಹಾಕಿದ್ದೆ.

ಉರಿಗಾಂ ಬಗ್ಗೆ ನಿಮಗೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಬೀದಿಯ ತುದಿಯಲ್ಲಿ ನಿಂತರೆ ಬಿಳಿಯ ದಿಬ್ಬಗಳು ಕಾಣುತ್ತವೆ. ಬೆಟ್ಟವಲ್ಲ ಅವು. ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ಹಾಕಿ ಚಿನ್ನ ಬೇರ್ಪಡಿಸಿಕೊಂಡು, ಉಳಿದ ಪುಡಿಯನ್ನು ಸುರಿದೂ ಸುರಿದೂ ಆದ ದಿಬ್ಬಗಳು. ಗಣಿ ಮುಚ್ಚಿದೆ, ಪುಡಿ ಇದೆ. ಎಲ್ಲರೂ ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ. "ಸೈನೈಡ್ ದಿಬ್ಬದ ಹತ್ತಿರ ಇಳ್ಸಪ್ಪಾ" ಎಂದು ಆಟೋದವನಿಗೆ ನಾನೇ ಎಷ್ಟು ಸಲ ಹೇಳಿಲ್ಲ! ಮಾರ್ಕೆಟ್ ಹತ್ತಿರ, ಸ್ಕೂಲ್ ಹತ್ತಿರ ಎಂದ ಹಾಗೆ ಅದು. ಹೆಸರು ನಾಲಿಗೆಗೆ ಅಷ್ಟು ರೂಢಿಯಾದ ಮೇಲೆ ಅದರ ಅರ್ಥದ ಕಡೆ ಯಾರ ಗಮನ ಹೋಗುತ್ತದೆ ಹೇಳಿ.

ಪಕ್ಕದ ಮನೆಯ ಸೆಲ್ವಿ ಆ ದಿಬ್ಬದ ಮೇಲೇ ಆಡಿ ಬೆಳೆದವಳು. ಅವಳ ಅಪ್ಪ ಗಣಿಯಲ್ಲಿ ಕೆಲಸದಲ್ಲಿದ್ದರು. ಗೋಣಿಚೀಲದ ಮೇಲೆ ಕೂತು ದಿಬ್ಬದಿಂದ ಸರ್ರನೆ ಜಾರುತ್ತಿದ್ದದ್ದನ್ನು ಅವಳು ಕಣ್ಣರಳಿಸಿ ಹೇಳುತ್ತಾಳೆ. ಅವಳ ಅಮ್ಮ ಅದೇ ಪುಡಿ ತಂದು ಪಾತ್ರೆ ಉಜ್ಜುತ್ತಿದ್ದಳಂತೆ. "ನಮ್ಮಮ್ಮನ ಪಾತ್ರೆ ನೋಡ್ಬೇಕಾಗಿತ್ತು ಟೀಚರಮ್ಮಾ, ಮುಕ ಕಾಣ್ತಿತ್ತು" ಎನ್ನುವಳು. ನಾನೂ ಭೇಷ್ ಎಂದಿದ್ದೆ. ವಿಜ್ಞಾನದ ಟೀಚರು ನಾನು, ನೆನಪಿಡಿ.

ಸೆಲ್ವಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವುದು ಒಂದು ಕೆಂದು ಬಣ್ಣದ ಹಸು. ತಮಿಳಿನಲ್ಲಿ ಕೆಂದು ಹಸುವಿಗೆ ಸೆವಲೆ ಎನ್ನುತ್ತಾರೆ, ಅದೇ ಅದರ ಹೆಸರು. ಅದು ಅವಳ ಹಸು ಎನ್ನುವುದಕ್ಕಿಂತ ಅವಳ ಮನೆಯ ಯಜಮಾನಿ ಎಂದರೆ ಸರಿ. ಬೆಳಿಗ್ಗೆ ಅದಕ್ಕೆ ವಣಕ್ಕಂ ಹೇಳಿಯೇ ಅವಳು ಮುಖ ತೊಳೆಯುವುದು. ಈ ಬೇಸಿಗೆಯಲ್ಲಿ ಸೆವಲೆ ತುಂಬು ಗಬ್ಬ. ಎರಡು ಸಲ ಗಂಡು ಕರು ಹಾಕಿತ್ತು. ಈ ಸಲ ಹೆಣ್ಣು ಕರು ಗ್ಯಾರಂಟಿ ಎಂದು ಸೆಲ್ವಿ ಹೊಸ ಗೆಜ್ಜೆ ಕೂಡ ತಂದಿಟ್ಟಿದ್ದಳು.

ಅಷ್ಟರಲ್ಲಿ ನಮ್ಮ ಬೀದಿಯ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ಇವತ್ತು ರಿಪೇರಿ, ನಾಳೆ ರಿಪೇರಿ ಎನ್ನುತ್ತಾ ವಾರಗಳು ಕಳೆದವು. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು, ಮನೆಗೆ ಇಷ್ಟು ಕೊಡ ಎಂದು ಲೆಕ್ಕ. ಅದರಲ್ಲಿ ಮನುಷ್ಯರು ಹೇಗೋ ಸುಧಾರಿಸಿದೆವು. ಗಬ್ಬದ ಹಸುವಿಗೆ ದಿನಕ್ಕೆ ನಾಲ್ಕೈದು ಬಕೆಟ್ ಬೇಕು. ಸೆಲ್ವಿ ತಾನು ಸ್ನಾನ ಬಿಟ್ಟು, ಬಟ್ಟೆ ಒಗೆಯುವುದು ಬಿಟ್ಟು ಹಸುವಿಗೆ ಕೊಟ್ಟಳು. ಆದರೂ ಸಾಲದು. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕೂತು ಅತ್ತೇಬಿಟ್ಟಳು.

"ಏನ್ ಮಾಡೋದು ಟೀಚರಮ್ಮಾ, ಬಂಗಾರಪೇಟೆ ಸಂತೆಗೆ ಒಡ್ಕೊಂಡು ಓಗ್ಬಿಡ್ತೀನಿ. ತಣ್ಣಿ-ನೀರು ಇರೋ ಮನೆಗಾದ್ರೂ ಓಗ್ಲಿ, ಬದುಕ್ಕೊಳ್ಳಲಿ."

"ಅಯ್ಯೋ, ಹುಚ್ಚು ಹುಡುಗೀ! ತುಂಬು ಗಬ್ಬದ ಹಸು ಮಾರ್ತಾರೇನೇ? ನಾನಿಲ್ವಾ? ತಾಳು" ಎಂದೆ. ಆ 'ನಾನಿಲ್ವಾ' ಇದೆಯಲ್ಲ, ಅದೇ ನನ್ನ ರೋಗ. ಕೇಳಿದವರಿಗೂ ಕೇಳದವರಿಗೂ ದಾರಿ ತೋರಿಸುವುದು.

ದಾರಿ ಸಿಕ್ಕೇಬಿಟ್ಟಿತು. ಶುಗರ್ ಬಂದ ಮೇಲೆ ಡಾಕ್ಟರು ದಿನಾ ನಡೆಯಿರಿ ಎಂದಿದ್ದಾರೆ. ಮಾರನೆಯ ಬೆಳಿಗ್ಗೆ ಎಂದೂ ಹೋಗದ ಕಡೆ ನಡೆದೆ. ದಿಬ್ಬದ ಬುಡದಲ್ಲಿ, ಜಾಲಿ ಪೊದೆಗಳ ಹಿಂದೆ ಒಂದು ಹಳೆಯ ಗುಂಡಿ. ಅದರ ತುಂಬ ನೀರು! ಅದೂ ಎಂಥ ನೀರು! ತಳದಲ್ಲಿ ಬಿದ್ದಿದ್ದ ಬಳೆಚೂರು ಕೂಡ ದಡದಿಂದಲೇ ಕಾಣುತ್ತಿತ್ತು. ಒಂದೆಳೆ ಪಾಚಿಯಿಲ್ಲ, ಒಂದು ಕಪ್ಪೆಯಿಲ್ಲ. ನಿಂತ ನೀರಿನಲ್ಲಿ ಸೊಳ್ಳೆ ಮರಿ ಇರುತ್ತದೆ ಎಂದು ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಇಲ್ಲಿ ಒಂದೇ ಒಂದು ಹುಳವಿಲ್ಲ. ಬೊಗಸೆಯಲ್ಲಿ ಎತ್ತಿ ಮೂಸಿದೆ. ವಾಸನೆಯಿಲ್ಲ. ಬಣ್ಣವಂತೂ ಇಲ್ಲವೇ ಇಲ್ಲ. ಚಿಕ್ಕಂದಿನಲ್ಲಿ ಅವ್ವನ ಮುಂದೆ ಹೇಳಿದ್ದೆನಲ್ಲ ಕನ್ನಡಿಯಂಥ ನೀರು, ಅದು ಕೊನೆಗೂ ಸಿಕ್ಕಿತು ಎಂದು ಮೈಯೆಲ್ಲ ಪುಳಕವಾಯಿತು.

ಮನೆಗೆ ಬಂದು ಹೇಳಿದೆ. ಯಜಮಾನರು ಪೇಪರಿನಿಂದ ತಲೆಯೆತ್ತಿ "ಅದು ಸೈನೈಡ್ ದಿಬ್ಬದ ಕೆಳಗಿಂದು ಕಣೇ" ಎಂದರು.

"ಗಣಿ ಮುಚ್ಚಿ ಯಾವ ಕಾಲ ಆಯ್ತು ರೀ! ಇಷ್ಟು ವರ್ಷದ ಮಳೇಲಿ ಎಲ್ಲಾ ತೊಳೆದು ಹೋಗಿರುತ್ತೆ. ವಿಜ್ಞಾನ ನನಗೆ ಹೇಳಿಕೊಡಬೇಡಿ."

ಅವರು ಮತ್ತೆ ಪೇಪರಿನೊಳಗೆ ಹೋದರು. ನಾನು ಸೆಲ್ವಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಗುಂಡಿಗೆ ಕೈ ಮುಗಿದಳು, ನನಗೂ ಮುಗಿದಳು. ಎರಡು ಕೊಡ ತುಂಬಿಕೊಂಡು ಬಂದೆವು. ಒಂದು ಅವಳ ಸೊಂಟದ ಮೇಲೆ, ಒಂದು ನನ್ನ ಸೊಂಟದ ಮೇಲೆ.

ಬಕೆಟ್ಟಿಗೆ ಸುರಿದು ಸೆವಲೆಯ ಮುಂದಿಟ್ಟೆವು. ಬಾಯಾರಿದ ಹಸು ಆತುರದಿಂದ ಮೂತಿ ತಂದಿತು. ನೀರಿಗೆ ಮುಟ್ಟಿಸುವ ಮೊದಲೇ ಬುಸ್ ಎಂದು ಉಸಿರು ಬಿಟ್ಟು ತಲೆಯೆತ್ತಿತು. ಇನ್ನೊಮ್ಮೆ ಇಟ್ಟೆವು. ಕುತ್ತಿಗೆಯನ್ನೇ ಆ ಕಡೆ ತಿರುಗಿಸಿತು. ನನಗೆ ನಗು.

"ಏನ್ ಧಿಮಾಕೇ ನಿನ್ನ ಸೆವಲೆಗೆ! ಬಾಟ್ಲಿ ನೀರೇ ಆಗ್ಬೇಕಂತಾ?"

ಮನೆಗೆ ಓಡಿ ಬೆಲ್ಲದ ಉಂಡೆ ತಂದೆ. ಸೆಲ್ವಿ ಬೂಸ ತಂದಳು. ಮೊಣಕೈವರೆಗೆ ಕೈಹಾಕಿ ನಾನೇ ಕದಡಿದೆ. ಒಂದು ಕೈಯಲ್ಲಿ ಮೂಗುದಾರ ಹಿಡಿದು ಇನ್ನೊಂದು ಕೈಯಲ್ಲಿ ಬಕೆಟ್ ಎತ್ತಿ ಹಿಡಿದೆ. "ಕುಡೀ ನನ್ನವ್ವಾ, ಕುಡೀ" ಎಂದು ರಮಿಸಿದೆ. ಅದು ಒಂದು ಗಳಿಗೆ ನನ್ನ ಮುಖವನ್ನೇ ನೋಡಿತು. ಆಮೇಲೆ ಕುಡಿಯಿತು. "ನೋಡಿದ್ಯಾ? ದಡ್ಡ ಮಕ್ಕಳಿಗೆ ಹೇಗೆ ಹೇಳ್ಕೊಡಬೇಕು ಅಂತ ಟೀಚರಿಗೆ ಗೊತ್ತಿರುತ್ತೆ" ಎಂದು ಬೀಗಿದೆ. ಸೆಲ್ವಿ ಕಣ್ಣೊರೆಸಿಕೊಂಡು ನಕ್ಕಳು. ಸಂತೆಯ ಮಾತು ಅಲ್ಲಿಗೆ ನಿಂತಿತು.

ಆಮೇಲೆ ದಿನವೂ ಅವಳೊಬ್ಬಳೇ ಹೋಗಿ ತರತೊಡಗಿದಳು. ಅವಳ ಅಂಗೈ ಸಿಪ್ಪೆ ಸುಲಿಯುತ್ತಿತ್ತು. ಸೋಪು ಬದಲಾಯಿಸು ಎಂದೆ. ಅದನ್ನೂ ನಾನೇ ಹೇಳಿದ್ದು.

ಎರಡು ವಾರ ಕಳೆದಿರಬೇಕು. ನೀರು ತುಂಬಿಡಲು ಇನ್ನೂ ಪಾತ್ರೆ ಬೇಕೆಂದು ಅಟ್ಟ ಹತ್ತಿ ಹುಡುಕುವಾಗ ಈ ಜಾಡಿ ಕೈಗೆ ಸಿಕ್ಕಿತು. ಮುಚ್ಚಳದ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಅವ್ವನ ಮುಖ ಕಣ್ಣೆದುರು ಬಂತು. ಅವತ್ತು ಹೇಳಿದ ಸುಳ್ಳೂ ನೆನಪಾಯಿತು. ಬಾವಿ ಇಲ್ಲದಿದ್ದರೇನು, ಈಗ ಗುಂಡಿ ಇದೆಯಲ್ಲ, ಅವ್ವ ಹೇಳಿದ ಮಾತನ್ನು ಈಗಲಾದರೂ ನಡೆಸಿಬಿಡೋಣ ಎನ್ನಿಸಿತು. ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಹಳ್ಳಿಯಲ್ಲಿ ನನ್ನ ತಮ್ಮನಿದ್ದಾನೆ. ಬಾವಿಯಲ್ಲಿ ನೀರು ತಳ ಕಂಡಿದ್ದರೂ ಮೀನಿದ್ದವು. ಅವನು ಪಂಚೆ ಎತ್ತಿ ಕಟ್ಟಿ ಇಳಿದು ಟವೆಲ್ಲಿನಲ್ಲಿ ಏಳು ಸಾಸ್ಲು ಹಿಡಿದು ಕೊಟ್ಟ.

"ಏನಕ್ಕಾ, ಈ ವಯಸ್ನಾಗೆ ಇನ್ನೊಂದ್ ಮದ್ವೆನಾ? ಬಾವಂಗೆ ಏಳಿದ್ಯಾ?" ಎಂದು ನಕ್ಕ. ನಾನು ಅವನ ತಲೆಗೆ ಅವ್ವನ ಹಾಗೇ ಮೊಟಕಿದೆ.

ಬಸ್ಸಿಳಿದವಳು ಮನೆಗೂ ಹೋಗದೆ ನೇರ ಗುಂಡಿಗೆ ನಡೆದೆ. ಮಧ್ಯಾಹ್ನ ಇಳಿಯುತ್ತಿತ್ತು. ದಡದಲ್ಲಿ ಕೂತು, ಅವ್ವಾ ತಪ್ಪಾಯ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಜಾಡಿಯನ್ನು ಮೆಲ್ಲಗೆ ಬಗ್ಗಿಸಿದೆ. ಆರು ಮೀನು ಹೊರಗೆ ಜಾರಿದವು. ಏಳನೆಯದು ಪಾಚಿಯ ಎಳೆಯ ಕೆಳಗೆ ಅವಿತುಕೊಂಡು ಏನು ಮಾಡಿದರೂ ಬರಲಿಲ್ಲ. ಇರು, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಜಾಡಿ ಪಕ್ಕಕ್ಕಿಟ್ಟೆ.

ಆರೂ ಮೊದಲು ಸರಸರನೆ ಓಡಿದವು. ನನಗೆ ಸಂತೋಷ. ಆಮೇಲೆ ಒಂದು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ಇನ್ನೊಂದು ಬಂತು. ಒಂದು ಪಕ್ಕಕ್ಕೆ ವಾಲಿ, ನಿಂತ ಕಡೆಯೇ ಗಿರಗಿರ ಸುತ್ತತೊಡಗಿತು. ಏನಾಗುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ನೋಡುತ್ತಲೇ ಇದ್ದೆ. ಒಂದರ ಹೊಟ್ಟೆ ಮೇಲಾಯಿತು. ನಾನು ಸೀರೆ ಸಮೇತ ನೀರಿಗಿಳಿದು ಬಾಚಿಕೊಂಡೆ. ಅಂಗೈಯಲ್ಲಿ ಎರಡು ಸಲ ಕಿವಿರು ಆಡಿಸಿ ಅದು ಸುಮ್ಮನಾಯಿತು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಆರೂ ತೇಲುತ್ತಿದ್ದವು.

ಬಸ್ಸಿನ ಕುಲುಕಾಟಕ್ಕೆ ಸುಸ್ತಾಗಿರಬೇಕು ಎಂದುಕೊಂಡೆ. ನಿಜವಾಗಿಯೂ ಹಾಗೆಂದುಕೊಂಡೆ! ಮನಸ್ಸು ಎಂಥ ಕಳ್ಳ ನೋಡಿ. ಆಮೇಲೆ ಜಾಡಿಯ ಕಡೆ ನೋಡಿದೆ. ಅದೇ ಬಸ್ಸಿನಲ್ಲಿ ಬಂದ ಏಳನೆಯದು ಜಾಡಿಯೊಳಗೆ ಆರಾಮವಾಗಿ ಓಡಾಡುತ್ತಿತ್ತು.

ಆಗ ಮೊದಲ ಬಾರಿಗೆ ಆ ಜಾಗವನ್ನು ಕಣ್ಣು ಬಿಟ್ಟು ನೋಡಿದೆ. ಒಂದು ಹಕ್ಕಿಯ ಸದ್ದಿಲ್ಲ. ನೀರಿನ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಹಾರುತ್ತಿಲ್ಲ. ದಡದ ಬಿಳಿ ಕೆಸರಿನಲ್ಲಿ ಹೆಜ್ಜೆ ಗುರುತುಗಳಿದ್ದವು, ಎಲ್ಲ ಇಬ್ಬರವೇ. ಒಂದು ನನ್ನ ಚಪ್ಪಲಿಯದು, ಒಂದು ಸೆಲ್ವಿಯ ಬರಿಗಾಲಿನದು. ಸುಡುವ ಬೇಸಿಗೆ, ಸುತ್ತ ಎಲ್ಲೂ ನೀರಿಲ್ಲ, ಆದರೂ ಅಲ್ಲಿ ಒಂದು ಕಾಗೆಯ ಕಾಲು, ಒಂದು ನಾಯಿಯ ಪಂಜ, ಒಂದು ಅಳಿಲಿನ ಗುರುತು ಇರಲಿಲ್ಲ. ಊರಿನ ಸಕಲ ಪ್ರಾಣಿಗಳಿಗೂ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಸೊಳ್ಳೆ ಕೂಡ ಬದುಕದ ನೀರು ಅದು. ಹುಳವಿಲ್ಲ ಎಂದು ನಾನು ಮೆಚ್ಚಿದ್ದೆ!

ಮಳೆ ತೊಳೆದುಕೊಂಡು ಹೋಗಿರುತ್ತದೆ ಎಂದಿದ್ದೆ. ಎಲ್ಲಿಗೆ? ದಿಬ್ಬದ ಬುಡದ ಈ ಗುಂಡಿಗಲ್ಲದೆ ಇನ್ನೆಲ್ಲಿಗೆ? ಐದನೇ ಕ್ಲಾಸಿನ ಹುಡುಗಿಯೂ ಕೇಳುವ ಪ್ರಶ್ನೆ ನನಗೆ ಬರಲಿಲ್ಲ. ಅವ್ವನ ಮೂರು ದಿನದ ಕಾಯುವಿಕೆ ಶಾಸ್ತ್ರವಲ್ಲ, ಅದು ಪರೀಕ್ಷೆ ಎಂದು ಅಲ್ಲಿ, ಆ ಕೆಸರಿನಲ್ಲಿ ನಿಂತು ನನಗೆ ಅರ್ಥವಾಯಿತು. ಮೊದಲು ಮೀನು, ಆಮೇಲೆ ಕೊಡ. ನಾನು ಮೊದಲು ಕೊಡ ಇಳಿಸಿದ್ದೆ, ಗಬ್ಬದ ಹಸುವಿಗೆ ಕುಡಿಸಿದ್ದೆ, ಎರಡು ವಾರ ಬಿಟ್ಟು ಮೀನು ತಂದಿದ್ದೆ.

ಓಡಿದೆ. ಈ ವಯಸ್ಸಿನಲ್ಲಿ, ಈ ಮೈಯಲ್ಲಿ, ಒದ್ದೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಒಂದು ಕಂಕುಳಲ್ಲಿ ಜಾಡಿ, ಇನ್ನೊಂದು ಮುಷ್ಟಿಯಲ್ಲಿ ಸತ್ತ ಮೀನು. ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಸೆಲ್ವಿಯ ಹಿತ್ತಲಿಗೆ ಹೋದಾಗ ಅವಳು ಬಕೆಟ್ ಹಿಡಿದು ನಿಂತಿದ್ದಳು. ಅರ್ಧ ಖಾಲಿಯಾಗಿತ್ತು. ನಾನು ಹೋದವಳೇ ಬಕೆಟ್ಟನ್ನು ಒದ್ದೆ. ನೀರು ಅಂಗಳವೆಲ್ಲ ಹರಿಯಿತು.

"ಅಯ್ಯೋ ಟೀಚರಮ್ಮಾ! ಪೈತ್ಯ ಇಡೀತಾ ನಿಮ್ಗೆ? ಎಷ್ಟ್ ದೂರದಿಂದ ಒತ್ಕೊಂಡ್ ಬಂದಿದೀನಿ!"

ಮುಷ್ಟಿ ಬಿಚ್ಚಿ ಮೀನು ತೋರಿಸಿದೆ. "ಆ ನೀರಿಗೆ ಬಿಟ್ಟೆ ಸೆಲ್ವಿ. ಈಗ ತಾನೇ ಬಿಟ್ಟೆ" ಎಂದೆ. ಅವಳು ಮೀನನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ಸೆವಲೆಯ ಹೊಟ್ಟೆಯನ್ನು ನೋಡಿದಳು. ಆ ಒದ್ದೆ ನೆಲದ ಮೇಲೆಯೇ ಕುಸಿದು ಕೂತಳು.

"ದಿನಾ ಬೇಡ ಬೇಡ ಅಂತಿತ್ತು ಟೀಚರಮ್ಮಾ. ಒಂದ್ ದಿನಾನೂ ತಾನಾಗಿ ಬಾಯಿ ಆಕ್ಲಿಲ್ಲ. ನೀವು ಏಳಿದ್ರಲ್ಲಾ ಅಂತ ನಾನೇ ದಿನಾ ಬೆಲ್ಲ ಆಕಿ ಆಕಿ ಕುಡಿಸ್ದೆ. ಟೀಚರಮ್ಮ ಏಳಿದಾರೆ, ಕುಡೀ ಕಣ್ಣೇ ಅಂತ ಅದ್ಕೆ ಏಳಿ ಏಳಿ ಕುಡಿಸ್ದೆ."

ಮೊದಲ ದಿನದ ಹಟ ಅಷ್ಟೆ, ಆಮೇಲೆ ರೂಢಿಯಾಗಿರುತ್ತದೆ ಎಂದು ನಾನು ತಿಳಿದಿದ್ದೆ.

ಪಶುವೈದ್ಯರು ಬಂದರು. ಮುಟ್ಟಿ ನೋಡಿದರು, ಇಂಜೆಕ್ಷನ್ ಕೊಟ್ಟರು. "ಒಳ್ಳೇ ನೀರು ಚೆನ್ನಾಗಿ ಕುಡಿಸಿ. ಕರು ಹೇಗಿದೆ ಅಂತ ಈಗ ಹೇಳೋಕಾಗಲ್ಲಮ್ಮ" ಎಂದರು. ನಾನು ನಮ್ಮ ಟ್ಯಾಂಕರ್ ಪಾಲನ್ನೆಲ್ಲ ಆ ಬಕೆಟ್ಟಿಗೆ ಸುರಿದೆ. ಯಜಮಾನರು ಬೀದಿಯಲ್ಲಿ ಮನೆಮನೆಗೆ ಹೋಗಿ ಒಂದೊಂದು ಬಿಂದಿಗೆ ಕೇಳಿ ತಂದರು. ಅವರು ಒಂದು ಸಲ ಬೈದಿದ್ದರೆ ಚೆನ್ನಾಗಿತ್ತು. ಗುಂಡಿಯ ನೀರು ಪರೀಕ್ಷೆ ಮಾಡಿಸಿ ಎಂದು ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಅದರಲ್ಲಿ ಏನಿದೆ ಎಂದು ಇವತ್ತಿನವರೆಗೂ ನಮಗೆ ತಿಳಿಸಿಲ್ಲ. ನಾನೂ ಸೆಲ್ವಿಯೂ ಜಾಲಿ ಮುಳ್ಳು ಕಡಿದು ಗುಂಡಿಯ ಸುತ್ತ ಒಟ್ಟಿದೆವು. ತಗಡಿನ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಈ ನೀರು ಮುಟ್ಟಬೇಡಿ ಎಂದು ಬರೆದು ನೆಟ್ಟೆವು. ಓದಲು ಬಾರದ ಪ್ರಾಣಿಗಳಿಗೆ ಆ ಬೋರ್ಡು ಬೇಕಿರಲಿಲ್ಲ, ಅದು ನನ್ನಂಥವರಿಗೆ.

ಒಂಬತ್ತು ದಿನ ಕಾದೆವು. ಹತ್ತನೆಯ ದಿನ ಬೆಳಗಾಗುವ ಹೊತ್ತಿಗೆ ಸೆಲ್ವಿ ಗೋಡೆಯಾಚೆಯಿಂದ ಕೂಗಿದಳು. ಹೋಗುವಷ್ಟರಲ್ಲಿ ಸೆವಲೆ ಈದಿತ್ತು. ಹೆಣ್ಣು ಕರು. ಅಮ್ಮನದೇ ಕೆಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಮೆತ್ತಗಿನ ಹಳದಿ ಗೊರಸು. ಎಲ್ಲ ಇತ್ತು, ಜೀವ ಇರಲಿಲ್ಲ. ಸೆವಲೆಗೆ ಅದು ಗೊತ್ತಾಗದೆ ನೆಕ್ಕುತ್ತಲೇ ಇತ್ತು. ಮೂತಿಯಿಂದ ನೂಕಿ ಎಬ್ಬಿಸಲು ನೋಡುವುದು, ಮತ್ತೆ ನೆಕ್ಕುವುದು. ಸೆಲ್ವಿ "ಕಣ್ಣೇ, ಕಣ್ಣೇ" ಎನ್ನುತ್ತಾ ತನ್ನ ಹಳೆಯ ಸೀರೆ ತಂದು ಹೊದಿಸಿದಳು. ಸೆವಲೆ ಆ ಸೀರೆಯನ್ನೂ ನೆಕ್ಕಿತು.

"ಇದೇ ಕಾರಣ ಅಂತ ನಾನು ಬರೆದುಕೊಡೋಕಾಗಲ್ಲ. ಬೇರೆ ಏನಾದ್ರೂ ಇರಬಹುದು" ಎಂದರು ಪಶುವೈದ್ಯರು. ಒಳ್ಳೆಯವರು. ನನ್ನ ಮುಖ ನೋಡಿ ಹೇಳಿದರೋ ಏನೋ. ಸೆಲ್ವಿಯೂ ನನ್ನನ್ನು ಒಂದು ಮಾತು ಅನ್ನಲಿಲ್ಲ. "ನೀವು ಬೇಕೂಂತ ಮಾಡಿದ್ರಾ ಟೀಚರಮ್ಮಾ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಇನ್ನೂ ಒರಟಾಗಿಯೇ ಇತ್ತು. ಆ ಹೊಸ ಗೆಜ್ಜೆ ಅವರ ಮನೆಯ ಮೊಳೆಯಲ್ಲಿ ತೂಗುತ್ತಿತ್ತು, ನಾನು ಆ ಕಡೆ ನೋಡಲಿಲ್ಲ.

ಈಗ ಬೋರ್‌ವೆಲ್ ಸರಿಯಾಗಿದೆ. ಏಳನೆಯ ಮೀನು ಕಿಟಕಿಯಲ್ಲಿದೆ, ದಿನಾ ನಾಲ್ಕು ಅನ್ನದ ಅಗುಳು ತಿನ್ನುತ್ತದೆ. ಮೋಟಾರು ರಿಪೇರಿಯಾಗಿ ಹೊಸ ನೀರು ಬಂದ ದಿನ ಜಾಡಿಗೆ ಅದನ್ನೇ ತುಂಬಿ ಮೂರು ದಿನ ಕಾದೆ. ಅಷ್ಟರ ತನಕ ನಮ್ಮ ಮನೆಯಲ್ಲಿ ಯಾರೂ ಆ ನೀರು ಕುಡಿಯಲಿಲ್ಲ. ಬೀದಿಯವರು ನಕ್ಕರು, ಆಮೇಲೆ ಅವರೂ ಬಂದು ಮೀನು ಹೇಗಿದೆ ಎಂದು ಕೇಳಿಕೊಂಡು ಹೋದರು.

ಸೆವಲೆ ಬದುಕಿದೆ. ಸ್ವಲ್ಪ ಸೊರಗಿದೆ, ಮೇಯುತ್ತದೆ, ಸೆಲ್ವಿ ವಣಕ್ಕಂ ಹೇಳಿದರೆ ಕಿವಿ ಆಡಿಸುತ್ತದೆ. ಸಂಜೆ ನಾನೇ ಅದಕ್ಕೆ ನೀರು ಇಡುತ್ತೇನೆ, ಬಿಡದೆ. ಮೊದಲು ಬಕೆಟ್ಟಿನಿಂದ ಒಂದು ಲೋಟ ತೆಗೆದು ಅದರೆದುರೇ ನಿಂತು ನಾನು ಕುಡಿಯುತ್ತೇನೆ. "ನೋಡು, ನಾನೂ ಕುಡಿದೆ. ಒಳ್ಳೇ ನೀರು ಕಣೇ ತಾಯಿ" ಎನ್ನುತ್ತೇನೆ. ಅದು ಅವತ್ತಿನ ಹಾಗೆಯೇ ನನ್ನ ಮುಖ ನೋಡುತ್ತದೆ. ನೀರಿಗೆ ಮೂತಿ ಇಡುವುದಿಲ್ಲ. ಬೆಲ್ಲ ಹಾಕಿದರೂ ಇಲ್ಲ, ಬೂಸ ಹಾಕಿದರೂ ಇಲ್ಲ. ನಾನು ಲೋಟ ಹಿಡಿದುಕೊಂಡು ಗೋಡೆಯ ಈಚೆ ಬಂದು, ಕಾಣದ ಹಾಗೆ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ಅದು ಗೊಟಗೊಟನೆ ಕುಡಿಯುವ ಸದ್ದು ಕೇಳುತ್ತದೆ. ಬಕೆಟ್ ಖಾಲಿಯಾಗುವ ತನಕ ನಾನು ಅಲ್ಲೇ ನಿಂತಿರುತ್ತೇನೆ.